ಮಳೆ ಹಿಡಿದಾಗಿಂದ ಸಂಜೆಯಾದ್ರೆ ಆರ್‌ಸಿಸಿಬಿ ಟ್ರಿಪ್, ಎಲ್ಲಾ ಎಂಸಿಬಿ ಇಳಿಸಿದ್ರೂ ನಿಲ್ತಿಲ್ಲ

ಕೊಡಚಾದ್ರಿ ತಪ್ಪಲು

ಎಲ್ರಿಗೂ ನಮಸ್ಕಾರ. ನಮ್ಮ ಮನೆ ಹೊಸನಗರದಿಂದ ನಗರ ಕಡೆ ಹೋಗೋ ರೋಡಲ್ಲಿ ಒಳಗಡೆ ಎರಡು ಕಿಲೋಮೀಟರ್. ಹಳೇ ಹಂಚಿನ ಮನೆ, ಹಿಂದುಗಡೆ ನಾಲ್ಕು ವರ್ಷದ ಕೆಳಗೆ ಎರಡು ತಾರಸಿ ರೂಮು, ಒಂದು ಬಚ್ಚಲುಮನೆ ಸೇರಿಸಿದೀವಿ, ಆವಾಗ್ಲೇ ವೈರಿಂಗ್ ಪೂರ್ತಿ ಹೊಸದು ಮಾಡ್ಸಿ ಮೀಟರ್ ಆದ್ಮೇಲೆ 40 ಆಂಪ್ಸ್, 30 ಮಿಲಿ ಆಂಪ್‌ದು ಆರ್‌ಸಿಸಿಬಿ (ಕರೆಂಟ್ ಲೀಕ್ ಆದ್ರೆ ತಾನೇ ಕಟ್ ಮಾಡೋ ಸ್ವಿಚ್) ಹಾಕ್ಸಿದ್ದು. ಬೇಸಿಗೆ ಪೂರಾ ಒಂದು ಸಲಾನೂ ತೊಂದ್ರೆ ಕೊಟ್ಟಿಲ್ಲ. ಆರಿದ್ರಾ ಮಳೆ ಹಿಡಿದಾಗಿಂದ ಶುರು. ಬೆಳಗ್ಗೆ ಮಧ್ಯಾಹ್ನ ಸುಮ್ನಿರತ್ತೆ, ಸಂಜೆ ಆರೂವರೆ ಆದ್ಮೇಲೆ ಒಂಬತ್ತೂವರೆ ತನಕ ನಾಲ್ಕೈದು ಸಲ ಬೀಳತ್ತೆ, ಆಮೇಲೆ ರಾತ್ರಿ ಮತ್ತೆ ಸರಿ.

ಎಲೆಕ್ಟ್ರಿಷಿಯನ್ ಬಂದು ಮೊದಲು ಆರ್‌ಸಿಸಿಬಿನೇ ಹೋಗಿದೆ ಅಂತ ಹೊಸದು ಹಾಕಿದ್ರು, ಅದೂ ಹಂಗೇ ಬೀಳ್ತು. ಎರಡನೇ ಸಲ ಬಂದಾಗ ಸಂಜೆ ತನಕ ಕೂತು ಎಲ್ಲಾ ಎಂಸಿಬಿ (ಒಂದೊಂದು ಲೈನಿಗೂ ಇರೋ, ಲೋಡ್ ಜಾಸ್ತಿ ಆದ್ರೆ ಬೀಳೋ ಸ್ವಿಚ್) ಕೆಳಗೆ ಹಾಕಿ ಆರ್‌ಸಿಸಿಬಿ ಒಂದನ್ನೇ ಮೇಲೆ ಮಾಡಿ ಬಿಟ್ರು, ಹತ್ತೇ ನಿಮಿಷಕ್ಕೆ ಅದೂ ಬಿತ್ತು! ಮನೇಲಿ ಒಂದು ಬಲ್ಬೂ ಉರೀತಿಲ್ಲ, ಒಂದು ಎಂಸಿಬಿನೂ ಆನ್ ಇಲ್ಲ, ಆದ್ರೂ ಬೀಳತ್ತೆ ಅಂದ್ರೆ ಎಂತಾ ಅರ್ಥ? ಅವ್ರು ಹೇಳಿದ್ದು, ಇದು ನಮ್ಮ ಕಡೆ ಮಳೆಗಾಲಕ್ಕೆ ಆಗಿ ಬರಲ್ಲ, ತೆಗೆದು ಡೈರೆಕ್ಟ್ ಕೊಟ್ಬಿಡೋಣ, ಮಳೆಗಾಲ ಮುಗಿದ್ಮೇಲೆ ಮತ್ತೆ ಹಾಕೋಣ ಅಂತ.

ನಾನಿರೋದು ಶಿವಮೊಗ್ಗದಲ್ಲಿ, ಶನಿವಾರ ಭಾನುವಾರ ಮಾತ್ರ ಊರಿಗೆ ಹೋಗೋದು. ಮನೇಲಿ ಅಪ್ಪ ಅಮ್ಮ ಇಬ್ರೇ, ಅಪ್ಪಂಗೆ 74. ಬೋರ್ಡ್ ಇರೋದು ಜಗಲೀಲಿ, ಎರಚಲು ಹೊಡೆದು ನೆಲ ಯಾವಾಗ್ಲೂ ಒದ್ದೆ, ಅಲ್ಲಿ ಟಾರ್ಚ್ ಹಿಡ್ಕೊಂಡು ನಿಂತು ಮೇಲೆ ಮಾಡ್ತಾರೆ. ಮೊನ್ನೆ ಫೋನಲ್ಲಿ, ಡೈರೆಕ್ಟ್ ಕೊಡೋಕೆ ಹೇಳಿಬಿಡ್ಲಾ ಅಂತ ಕೇಳಿದ್ರು, ನಂಗೆ ಹೂಂ ಅನ್ನೋಕೆ ಬಾಯಿ ಬರ್ಲಿಲ್ಲ. ಮನೇಲಿ ಇರೋದು ಫ್ರಿಜ್, ವಾಷಿಂಗ್ ಮೆಷಿನ್, ಬಾವಿ ಮೋಟರ್ 1 ಎಚ್‌ಪಿ, ಇನ್ವರ್ಟರ್, ತಾರಸಿ ಮೇಲೆ ಸೋಲಾರ್ ವಾಟರ್ ಹೀಟರ್, ಕೊಟ್ಟಿಗೇಲಿ ಎರಡು ಲೈಟು. ಗೊತ್ತಿದ್ದೋರು ದಯವಿಟ್ಟು ಹೇಳಿ, ಶನಿವಾರ ಹೋದಾಗ ಎಲ್ಲಿಂದ ಹುಡುಕೋಕೆ ಶುರು ಮಾಡ್ಲಿ?

ಅಡಿಕೆ ಗೊನೆ

ತೀರ್ಥಹಳ್ಳಿ ಕಡೆ ನಮ್ದೂ. ಮೊದಲು ಹೊರಗಿನ ಲೈಟ್ ನೋಡಿ ಸಾರ್. ಹೋದ ವರ್ಷ ನಮ್ಮನೇಲಿ ಇದೇ ಥರ ಆಗಿತ್ತು, ಗೇಟ್ ಕಂಬದ ಲೈಟ್ ಬಿಚ್ಚಿದ್ರೆ ಒಳಗೆ ಕಣಜ ಮಣ್ಣಿನ ಗೂಡು ಕಟ್ಟಿತ್ತು, ಆ ಮಣ್ಣು ಮಳೇಲಿ ನೆಂದು ಫೇಸ್ ವೈರಿಗೂ ಬಾಡಿಗೂ ಸೇತುವೆ ಆಗ್ಬಿಟ್ಟಿತ್ತು. ಇನ್ನೊಂದು ಸಲ ಕರೆಗಂಟೆ ಸ್ವಿಚ್ ಒಳಗೆ ಇರುವೆ ಮೊಟ್ಟೆ ಇಟ್ಟಿದ್ವು. ಮಳೆ ಬಂತು ಅಂದ್ರೆ ಇರುವೆ ಎಲ್ಲಾ ಒಣ ಜಾಗ ಹುಡುಕ್ಕೊಂಡು ಸ್ವಿಚ್ ಬಾಕ್ಸ್‌ಗೇ ಬರೋದು. ನೀವು ಎಂಸಿಬಿ ಎಲ್ಲಾ ಆಫ್ ಮಾಡಿದ್ರೂ ಬೀಳತ್ತೆ ಅಂತೀರಲ್ಲ, ಅದು ಮಾತ್ರ ನಂಗೂ ಗೊತ್ತಾಗ್ಲಿಲ್ಲ.

ಮಂಡಗದ್ದೆ 98

30 ಮಿಲಿ ಆಂಪ್ ತುಂಬಾ ಸೆನ್ಸಿಟಿವ್ ಆಯ್ತು, 100 ಅಥವಾ 300 ಮಿಲಿ ಆಂಪ್‌ದು ಹಾಕ್ಸಿ, ಬೀಳೋದು ನಿಲ್ಲತ್ತೆ. ನಮ್ಮ ಅಂಗಡೀಲಿ ಹಂಗೇ ಮಾಡಿದೀವಿ. ಅರ್ಥಿಂಗ್ ಚೆನ್ನಾಗಿದ್ರೆ ಭಯ ಇಲ್ಲ.

ಸಾಗರದ ವೈರ್‌ಮನ್

ಮಂಡಗದ್ದೆಯವ್ರೇ, ದಯವಿಟ್ಟು ಮನೆಗೆ ಆ ಸಲಹೆ ಕೊಡಬೇಡಿ. 300 ಮಿಲಿ ಆಂಪ್‌ದು ಇರೋದು ಬೆಂಕಿ ತಪ್ಪಿಸೋಕೆ, ಮನುಷ್ಯನ ಜೀವ ಉಳಿಸೋಕಲ್ಲ. ಜೀವಕ್ಕೆ ಅಂತ ಇರೋದು 30ರದ್ದೇ. ಅದು 30 ಮಿಲಿ ಆಂಪ್ ಲೀಕ್ ಆದ್ರೆ 0.3 ಸೆಕೆಂಡ್ ಒಳಗೆ ಬೀಳಬೇಕು, 150 ಲೀಕ್ ಆದ್ರೆ 0.04 ಸೆಕೆಂಡ್ ಒಳಗೆ. 100 ಮಿಲಿ ಆಂಪ್ ಎದೆ ಮೇಲೆ ಹಾದು ಹೋಗ್ತಾ ಇದ್ರೆ ಹೃದಯ ಲಯ ತಪ್ಪೋಕೆ ಹೆಚ್ಚು ಹೊತ್ತು ಬೇಡ.

ಇನ್ನು ಅರ್ಥಿಂಗ್ ಚೆನ್ನಾಗಿದ್ರೆ ಸಾಕು ಅನ್ನೋ ಮಾತು ನಮ್ಮ ಕಡೆ ಎಲ್ರ ಬಾಯಲ್ಲೂ ಇದೆ, ಅದನ್ನ ಒಂದ್ಸಲ ಲೆಕ್ಕ ಹಾಕಿ ನೋಡಿ. ನಮ್ಮ ಜಂಬಿಟ್ಟಿಗೆ ನೆಲದಲ್ಲಿ ಮನೆಯ ಒಂದು ಪೈಪ್ ಅರ್ಥ್ 20 ಓಮ್ ಇದೆ ಅಂತ ಇಟ್ಕೊಳ್ಳಿ. ಫ್ರಿಜ್ ಬಾಡಿಗೆ ಫೇಸ್ ಮುಟ್ತು ಅಂದ್ರೆ 230 ಭಾಗಿಸು 20, ಹನ್ನೊಂದೂವರೆ ಆಂಪ್ಸ್ ಮಣ್ಣಿಗೆ ಹೋಗತ್ತೆ. ನಿಮ್ಮ 16 ಆಂಪ್ಸ್ ಎಂಸಿಬಿ ಅದನ್ನ ಒಂದು ಲೋಡ್ ಅಂದ್ಕೊಂಡು ಸುಮ್ನೆ ಕೂತಿರತ್ತೆ, ಬೀಳೋದೇ ಇಲ್ಲ. ಫ್ರಿಜ್ ಬಾಡಿ ಮೇಲೆ ಹೆಚ್ಚುಕಮ್ಮಿ 230 ವೋಲ್ಟ್ ಹಂಗೇ ನಿಂತಿರತ್ತೆ. ಅದೇ 30ರ ಆರ್‌ಸಿಸಿಬಿ ಇದ್ರೆ ಆ ಕ್ಷಣವೇ ಕಟ್ ಆಗತ್ತೆ. ಎಂಸಿಬಿ ವೈರ್ ಕಾಯತ್ತೆ, ಆರ್‌ಸಿಸಿಬಿ ಮನುಷ್ಯರನ್ನ ಕಾಯತ್ತೆ, ಒಂದರ ಕೆಲಸ ಇನ್ನೊಂದು ಮಾಡಲ್ಲ.

ಈಗ ಕೊಡಚಾದ್ರಿಯವ್ರ ವಿಷ್ಯ. ನೀವು ಬರೆದಿದ್ರಲ್ಲಿ ಉತ್ತರ ಇದೆ ಮಾರಾಯ್ರೆ. ಎಲ್ಲಾ ಎಂಸಿಬಿ ಇಳಿಸಿದ್ರೂ ಬೀಳತ್ತೆ ಅಂದ್ರೆ ಲೀಕ್ ಇರೋದು ಫೇಸಲ್ಲಿ ಅಲ್ಲ, ನ್ಯೂಟ್ರಲ್‌ನಲ್ಲಿ. ಮನೆ ಬೋರ್ಡಲ್ಲಿ ಹಾಕೋ ಸಿಂಗಲ್ ಪೋಲ್ ಎಂಸಿಬಿ ಫೇಸ್ ಮಾತ್ರ ಕಟ್ ಮಾಡತ್ತೆ, ನ್ಯೂಟ್ರಲ್ ಎಲ್ಲಾ ಒಂದು ಪಟ್ಟಿಗೆ ಸೇರಿ ಆರ್‌ಸಿಸಿಬಿಗೆ ಹೋಗಿರತ್ತೆ, ಎಂಸಿಬಿ ಕೆಳಗಿದ್ರೂ ಅದು ಕಟ್ ಆಗಲ್ಲ. ಮನೇಲಿ ಎಲ್ಲೋ ಒಂದು ಕಡೆ ನ್ಯೂಟ್ರಲ್ ವೈರು ಅರ್ಥ್‌ಗೆ ಮುಟ್ಟಿದೆ. ಆರ್‌ಸಿಸಿಬಿ ನೋಡೋದು ಇಷ್ಟೇ, ಫೇಸಲ್ಲಿ ಎಷ್ಟು ಹೋಯ್ತು ನ್ಯೂಟ್ರಲ್‌ನಲ್ಲಿ ಅಷ್ಟೇ ವಾಪಸ್ ಬಂತಾ ಅಂತ. ಫೇಸಲ್ಲಿ ಏನೂ ಹೋಗದೆ ನ್ಯೂಟ್ರಲ್ ಒಂದ್ರಲ್ಲೇ ಕರೆಂಟ್ ಹರಿದ್ರೂ ಅದಕ್ಕೆ ಲೆಕ್ಕ ತಪ್ಪಿದ ಹಾಗೇನೆ, ಬಿದ್ದೇ ಬೀಳತ್ತೆ. ಹೊಸ ಆರ್‌ಸಿಸಿಬಿ ಹಾಕಿದ್ರೂ ನಿಲ್ಲದಿರೋದಕ್ಕೆ ಇದೇ ಕಾರಣ, ಅದು ತನ್ನ ಕೆಲಸ ಸರಿಯಾಗೇ ಮಾಡ್ತಿದೆ.

ಹುಡುಕೋದು ಹಿಂಗೆ. ಮೇನ್ ಆಫ್ ಮಾಡಿ, ಇನ್ವರ್ಟರ್ರೂ ಆಫ್ ಮಾಡಿ ಅದರ ಔಟ್‌ಪುಟ್ ಪ್ಲಗ್ ಕಿತ್ತಿಡಿ, ಇದನ್ನ ಮರೀಬೇಡಿ, ಮೇನ್ ತೆಗೆದ್ರೂ ಇನ್ವರ್ಟರ್ ಕಡೆಯಿಂದ ವೈರಲ್ಲಿ 230 ಇರತ್ತೆ, ನಮ್ಮ ಕೆಲಸದೋರೇ ಇದ್ರಲ್ಲಿ ಏಟು ತಿಂದಿದಾರೆ. ಟೆಸ್ಟರ್ ನಂಬಬೇಡಿ, ಮೀಟರ್ ಹಿಡಿದು ಕರೆಂಟಿಲ್ಲ ಅಂತ ನೋಡ್ಕೊಂಡೇ ಕೈ ಹಾಕಿ. ಕಾಲಡಿ ಒಣಗಿದ ಮಣೆ ಇಟ್ಕೊಳ್ಳಿ, ರಬ್ಬರ್ ಚಪ್ಪಲಿ ಇರ್ಲಿ. ನ್ಯೂಟ್ರಲ್ ಪಟ್ಟಿಯಿಂದ ಒಂದೊಂದೇ ವೈರ್ ಬಿಚ್ಚಿ, ಬಿಚ್ಚಿದ್ದಕ್ಕೆ ಚೀಟಿ ಅಂಟಿಸಿ, ಆ ವೈರಿಗೂ ಅರ್ಥ್ ಪಟ್ಟಿಗೂ ಮಧ್ಯ ಮಲ್ಟಿಮೀಟರ್ ಓಮ್ಸಲ್ಲಿ ಇಟ್ಟು ನೋಡ್ತಾ ಹೋಗಿ. ಸರಿ ಇರೋದು ಏನೂ ತೋರಿಸಲ್ಲ. ಯಾವ್ದು ಹತ್ತು, ನೂರು, ಸಾವಿರ ಓಮ್ ತೋರಿಸತ್ತೋ ಅಲ್ಲಿದೆ ನಿಮ್ಮ ಲೀಕು.

ನಂಗೆ ಕೇಳಿದ್ರೆ ಮೊದಲ ಅನುಮಾನ ಸೋಲಾರ್ ಹೀಟರಿನ ಬ್ಯಾಕಪ್ ಕಾಯಿಲ್ ಮೇಲೆ. ಬೇಸಿಗೇಲಿ ಬಿಸಿಲಿಗೇ ನೀರು ಕಾಯತ್ತೆ, ಆ ಕಾಯಿಲ್ ಯಾರೂ ಮುಟ್ಟಲ್ಲ, ಮಳೆಗಾಲಕ್ಕೆ ಬಿಸಿಲಿಲ್ಲ ಅಂತ ಸ್ವಿಚ್ ಹಾಕ್ತಾರೆ. ಕಾಯಿಲ್ ಒಳಗೆ ತಂತಿ ಸುತ್ತ ಮೆಗ್ನೀಷಿಯಂ ಆಕ್ಸೈಡ್ ಪುಡಿ ತುಂಬಿರ್ತಾರೆ, ಮೇಲಿನ ಕೊಳವೆ ಎಲ್ಲಾದ್ರೂ ಸೂಜಿ ಮೊನೆಯಷ್ಟು ತೂತಾದ್ರೂ ಆ ಪುಡಿ ನೀರು ಹೀರ್ಕೊಂಡು ತಂತಿಗೂ ಬಾಡಿಗೂ ದಾರಿ ಮಾಡತ್ತೆ. ಆ ಸ್ವಿಚ್ ಸಿಂಗಲ್ ಪೋಲ್ ಆಗಿದ್ರೆ ನೀವು ಆಫ್ ಮಾಡಿ ವಾರ ಆಗಿದ್ರೂ ಕಾಯಿಲಿನ ಇನ್ನೊಂದು ತುದಿ ನ್ಯೂಟ್ರಲ್‌ಗೆ ಸೇರೇ ಇರತ್ತೆ. ಬಚ್ಚಲಲ್ಲಿ ನಲ್ಲಿ ಮುಟ್ಟಿದ್ರೆ ಯಾವಾಗಾದ್ರೂ ಜುಂ ಅಂದಿದ್ಯಾ ಅಂತ ಅಮ್ಮನ್ನ ಕೇಳಿ. ಹೌದು ಅಂದ್ರೆ ಆ ನೀರು ಬಳಸೋದು ಇವತ್ತೇ ನಿಲ್ಸಿ, ಹಂಡೆ ಒಲೇಲೇ ಕಾಯಿಸ್ಕೊಳ್ಳಿ.

ಕೊಡಚಾದ್ರಿ ತಪ್ಪಲು

ತುಂಬಾ ಉಪಕಾರ ಆಯ್ತು ವೈರ್‌ಮನ್ ಅವ್ರೇ. ಅಮ್ಮಂಗೆ ಈಗ್ಲೇ ಫೋನ್ ಮಾಡ್ದೆ, ನಲ್ಲೀಲಿ ಹಂಗೇನೂ ಆಗಿಲ್ಲ ಅಂದ್ರು, ಆದ್ರೂ ಬಚ್ಚಲ ಒಲೆ ಹಚ್ಚೋಕೆ ಹೇಳಿದೀನಿ. ಡೈರೆಕ್ಟ್ ಕೊಡೋದು ಬೇಡ ಅಂತಾನೂ ಅಪ್ಪಂಗೆ ಹೇಳಿ ಆಯ್ತು. ಒಂದು ಮಾತ್ರ ತಲೆಗೆ ಹೋಗ್ತಿಲ್ಲ, ನ್ಯೂಟ್ರಲ್ ಅರ್ಥ್‌ಗೆ ಮುಟ್ಟಿದ್ರೆ ಹಗಲು ರಾತ್ರಿ ಎಲ್ಲಾ ಬೀಳಬೇಕಲ್ವಾ? ಸಂಜೆ ಮಾತ್ರ ಯಾಕೆ, ಬೇಸಿಗೇಲಿ ಯಾಕಿಲ್ಲ? ನ್ಯೂಟ್ರಲ್‌ನಲ್ಲಿ ಕರೆಂಟೇ ಇರಲ್ಲ ಅಂತ ಓದಿದ್ದು ನಾವು.

ಭದ್ರಾವತಿ ಮೋಟರ್

ಇದಕ್ಕೆ ನಾನು ಹೇಳ್ತೀನಿ, ಇದನ್ನೇ ಎರಡು ಮಳೆಗಾಲ ತಲೆ ಕೆಡಿಸ್ಕೊಂಡು ಅರ್ಥ ಮಾಡ್ಕೊಂಡಿದೀನಿ.

ನ್ಯೂಟ್ರಲ್ ಸೊನ್ನೆ ವೋಲ್ಟ್ ಇರೋದು ಟ್ರಾನ್ಸ್‌ಫಾರ್ಮರ್ ಹತ್ರ, ಅಲ್ಲಿ ಅದನ್ನ ಭೂಮಿಗೆ ಕೊಟ್ಟಿರ್ತಾರೆ. ನಿಮ್ಮ ಮನೆ ಆ ಟ್ರಾನ್ಸ್‌ಫಾರ್ಮರಿಂದ ಅರ್ಧ ಕಿಲೋಮೀಟರ್ ದೂರ ಇದೆ ಅಂದ್ರೆ ಊರೋರೆಲ್ಲರ ಕರೆಂಟು ಆ ಉದ್ದದ ತಂತಿ ಮೇಲೆ ವಾಪಸ್ ಹೋಗ್ಬೇಕು, ತಂತಿಗೂ ರೆಸಿಸ್ಟೆನ್ಸ್ ಇದೆ, ಹಂಗಾಗಿ ನಿಮ್ಮ ಮನೆ ಬಾಗಿಲಲ್ಲಿ ನ್ಯೂಟ್ರಲ್‌ಗೂ ಭೂಮಿಗೂ ಮಧ್ಯ ಒಂದೆರಡು ವೋಲ್ಟ್ ಇದ್ದೇ ಇರತ್ತೆ. ಮಧ್ಯಾಹ್ನ ಎಲ್ರೂ ತೋಟದಲ್ಲಿರ್ತಾರೆ, ಲೋಡ್ ಕಮ್ಮಿ, 1 ವೋಲ್ಟ್ ಇರಬಹುದು. ಸಂಜೆ ಆರೂವರೆಗೆ ಎಲ್ಲಾ ಮನೆ ಲೈಟು, ಟಿವಿ, ಮಿಕ್ಸಿ, ಬಚ್ಚಲ ಗೀಸರ್ ಒಟ್ಟಿಗೆ ಆನ್ ಆದಾಗ ಅದೇ 4 ವೋಲ್ಟ್ ಆಗತ್ತೆ. ನಿಮ್ಮ ಲೀಕ್ ದಾರಿ, ಅಂದ್ರೆ ಕಾಯಿಲಿನ ತೂತು, ಮನೆ ಅರ್ಥ್ ಗುಂಡಿ, ಮಣ್ಣು ಎಲ್ಲಾ ಸೇರಿ 100 ಓಮ್ ಅಂದ್ಕೊಳ್ಳಿ. 1 ವೋಲ್ಟಿಗೆ 10 ಮಿಲಿ ಆಂಪ್, ಬೀಳಲ್ಲ. 4 ವೋಲ್ಟಿಗೆ 40 ಮಿಲಿ ಆಂಪ್, ಬೀಳತ್ತೆ. ನಿಮ್ಮ ಮನೇಲಿ ಒಂದೂ ಲೈಟ್ ಉರೀದಿದ್ರೂ ಬಿದ್ದಿದ್ದು ಇದಕ್ಕೇ, ಹರೀತಿದ್ದಿದ್ದು ಪಕ್ಕದ ಮನೆಗಳ ಕರೆಂಟಿನ ಒಂದು ಪಾಲು. ಒಂಬತ್ತೂವರೆಗೆ ಊರು ಮಲಗತ್ತೆ, ನಿಮ್ಮ ಆರ್‌ಸಿಸಿಬಿನೂ ಸುಮ್ನಾಗತ್ತೆ.

ಬೇಸಿಗೇದೂ ಅದೇ ಲೆಕ್ಕ. ಏಪ್ರಿಲಲ್ಲಿ ಅರ್ಥ್ ಗುಂಡಿ ಸುತ್ತ ಮಣ್ಣು ಒಣಗಿ ಇಟ್ಟಿಗೆ ಆಗಿರತ್ತೆ, ದಾರಿ 100ರ ಬದಲು 300 ಓಮ್ ಆದ್ರೆ 4 ವೋಲ್ಟಿಗೂ 13 ಮಿಲಿ ಆಂಪ್ ಅಷ್ಟೇ. 30ರ ಆರ್‌ಸಿಸಿಬಿ 15ರ ಕೆಳಗೆ ಬೀಳಬಾರದು ಅಂತಾನೇ ಮಾಡಿರೋದು. ಅಂದ್ರೆ ಲೀಕು ಬೇಸಿಗೇಲೂ ಇದ್ದಿರಬಹುದು, ಮಳೆ ಬಂದು ಮಣ್ಣು ನೆಂದು ಅರ್ಥಿಂಗ್ ಚೆನ್ನಾಗಿದ್ದಕ್ಕೇ ಅದು ಹೊರಗೆ ಬಿತ್ತು! ಇದು ಗೊತ್ತಾದ ದಿನ ನಂಗೆ ಎಷ್ಟು ಖುಷಿ ಆಗಿತ್ತು ಅಂದ್ರೆ ರಾತ್ರಿ ಹನ್ನೊಂದಕ್ಕೆ ತಮ್ಮನ್ನ ಎಬ್ಬಿಸಿ ಹೇಳಿದ್ದೆ.

ಶನಿವಾರ ಹೋದಾಗ ಸಂಜೆ ಏಳಕ್ಕೆ ಒಂದ್ಸಲ, ಭಾನುವಾರ ಬೆಳಗ್ಗೆ ಒಂದ್ಸಲ ನ್ಯೂಟ್ರಲ್‌ಗೂ ಅರ್ಥ್‌ಗೂ ಎಷ್ಟು ವೋಲ್ಟ್ ಇದೆ ನೋಡಿ. ನಾಲ್ಕೈದರ ಒಳಗಿದ್ರೆ ಮಾಮೂಲಿ. ಹದಿನೈದು ಇಪ್ಪತ್ತು ತೋರಿಸ್ತು, ಇಲ್ಲಾ ನೀವು ಏನೂ ಆನ್ ಮಾಡದಿದ್ರೂ ಲೈಟು ಒಂದ್ಸಲ ಮಂದ, ಒಂದ್ಸಲ ಜೋರಾಗಿ ಉರೀತು ಅಂದ್ರೆ ಕಂಬದಲ್ಲೋ ಸರ್ವಿಸ್ ವೈರಲ್ಲೋ ನ್ಯೂಟ್ರಲ್ ಲೂಸ್ ಇದೆ ಅಂತ, ಅದು ಬೇರೆ ಕಾಯಿಲೆ, ಅದಕ್ಕೆ 1912ಕ್ಕೆ ಫೋನ್ ಮಾಡಿ ಲೈನ್‌ಮ್ಯಾನ್ ಕರೆಸ್ಬೇಕು. ಕಂಬಕ್ಕೆ ನೀವು ಕೈ ಹಾಕ್ಬೇಡಿ.

ಶರಾವತಿ ದಂಡೆ

ಕೊಟ್ಟಿಗೇಲಿ ಲೈಟಿದೆ ಅಂತ ಬರೆದಿದ್ದು ನೋಡಿ ಇದನ್ನ ಬರೀತಿದೀನಿ. ನಮ್ಮನೇಲಿ ಮೂರು ವರ್ಷದ ಕೆಳಗೆ ಇದೇ ಟ್ರಿಪ್ ಕಾಟಕ್ಕೆ ಡೈರೆಕ್ಟ್ ಕೊಡ್ಸಿದ್ವಿ. ಹದಿನೈದು ದಿನ ಆರಾಮಾಗಿತ್ತು. ಆಮೇಲೆ ಒಂದು ಬೆಳಗ್ಗೆ ಹಾಲು ಕರೆಯೋಕೆ ಹೋದ ಅಮ್ಮಂಗೆ ನಮ್ಮ ದನ ಗೌರಿ ಬಿದ್ದಿದ್ದು ಕಾಣ್ತು. ಕೊಟ್ಟಿಗೆ ಲೈಟಿನ ವೈರು ಕಬ್ಬಿಣದ ಪೈಪಿನ ಮೇಲೆ ಹಾದು ಹೋಗಿತ್ತು, ಇಲಿ ಕಡಿದಿದ್ದೋ ಎಂತೋ ಸಿಪ್ಪೆ ಹೋಗಿ ಪೈಪಿಗೆ ಕರೆಂಟ್ ಬಂದಿತ್ತು, ದನ ಕಟ್ಟೋ ಸರಪಣಿ ಅದೇ ಪೈಪಿಗೆ. ದನಕ್ಕೆ ನಮ್ಮ ಥರ ಚಪ್ಪಲಿ ಇಲ್ಲ, ನಾಲ್ಕೂ ಕಾಲು ಒದ್ದೆ ನೆಲದ ಮೇಲೆ, ಮುಂದಿನ ಕಾಲಿಗೂ ಹಿಂದಿನ ಕಾಲಿಗೂ ಅಷ್ಟು ದೂರ, ನಾವು ತಡ್ಕೊಳ್ಳೋ ಕರೆಂಟನ್ನ ಅವು ತಡ್ಕೊಳಲ್ಲ. ಅಮ್ಮ ಪೈಪ್ ಮುಟ್ಟಲಿಲ್ಲ ಅನ್ನೋದು ಒಂದೇ ಸಮಾಧಾನ. ಆವತ್ತಿಂದ ಅಮ್ಮ ಆ ಕೊಟ್ಟಿಗೇಲಿ ಲೈಟೇ ಹಾಕಿಲ್ಲ, ಚಾರ್ಜರ್ ಲೈಟ್ ಹಿಡ್ಕೊಂಡು ಹೋಗ್ತಾರೆ.

ನಿಮ್ಮ ಕೊಟ್ಟಿಗೆ ವೈರ್ ಒಂದ್ಸಲ ಪೂರ್ತಿ ಕೈಲಿ ಸವರಿ ನೋಡಿ, ಮೇನ್, ಇನ್ವರ್ಟರ್ ಎರಡೂ ಆಫ್ ಮಾಡ್ಕೊಂಡು. ಟೇಪ್ ಸುತ್ತಿದ ಜಾಯಿಂಟ್ ಇದ್ರೆ ಕತ್ತರಿಸಿ ಬಿಸಾಕಿ ಅಖಂಡ ವೈರ್ ಎಳೆಸಿ, ಪಿವಿಸಿ ಪೈಪ್ ಒಳಗೆ.

ಮಂಡಗದ್ದೆ 98

ನಾನು ಹೇಳಿದ್ದು ತಪ್ಪು, ಒಪ್ಕೊಳ್ತೀನಿ. ವೈರ್‌ಮನ್ ಅವ್ರ ಲೆಕ್ಕ ನೋಡಿ ಇವತ್ತು ಅಂಗಡಿ ಅರ್ಥ್ ಚೆಕ್ ಮಾಡೋಕೆ ಹೇಳಿದೀನಿ. 30ರದ್ದೇ ಹಾಕ್ಸಿ, ಎಲ್ಲಿ ಲೀಕ್ ಇದೆ ಹುಡುಕಿಸ್ತೀನಿ. ಅಂಗಡೀಲಿ ಮೂರು ಕಂಪ್ಯೂಟರ್, ಒಂದು ಜೆರಾಕ್ಸ್ ಮೆಷಿನ್ ಇದೆ, ಅದಕ್ಕೇ ಬೀಳತ್ತಾ?

ಸಾಗರದ ವೈರ್‌ಮನ್

ಕಂಪ್ಯೂಟರ್ ಪವರ್ ಸಪ್ಲೈ ಒಂದೊಂದೂ ಅರ್ಧದಿಂದ ಒಂದು ಮಿಲಿ ಆಂಪ್ ಅರ್ಥ್‌ಗೆ ಬಿಡತ್ತೆ, ಅದರ ಒಳಗಿನ ಫಿಲ್ಟರ್ ಕೆಪಾಸಿಟರ್ ಇರೋದೇ ಹಂಗೆ. ಮೂರಕ್ಕೆಲ್ಲಾ ಬೀಳಬಾರದು. ಕ್ಲಾಂಪ್ ಮೀಟರ್ ಇದ್ದೋರನ್ನ ಕರೆಸಿ, ಮಿಲಿ ಆಂಪ್ ಅಳೆಯೋ ಲೀಕೇಜ್ ಕ್ಲಾಂಪ್ ಆಗಿರ್ಬೇಕು, ಫೇಸು ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಕ್ಲಾಂಪ್ ಒಳಗೆ ಹಾಕಿದ್ರೆ ಎಷ್ಟು ಲೀಕ್ ಇದೆ ಅಂತ ಅಲ್ಲೇ ಗೊತ್ತಾಗತ್ತೆ. ಶರಾವತಿ ಅವ್ರೇ, ಓದಿ ಬೇಜಾರಾಯ್ತು.

ಕೊಡಚಾದ್ರಿ ತಪ್ಪಲು

ಊರಿಗೆ ಹೋಗಿ ಬಂದೆ, ಎಲ್ಲಾ ಬರೀತೀನಿ.

ಶನಿವಾರ ಸಂಜೆ ಏಳು ಗಂಟೆಗೆ ನ್ಯೂಟ್ರಲ್ ಅರ್ಥ್ ಮಧ್ಯ 3.8 ವೋಲ್ಟ್ ಇತ್ತು. ಭಾನುವಾರ ಬೆಳಗ್ಗೆ ಏಳಕ್ಕೆ 0.9. ಭದ್ರಾವತಿಯವ್ರು ಇಲ್ಲೇ ಕೂತು ಬರೆದಿದ್ದು ನಮ್ಮ ಜಗಲೀಲಿ ಮೀಟರ್ ಮೇಲೆ ಹಂಗೇ ಬಂತಲ್ಲ, ಅಪ್ಪಂಗೆ ತೋರ್ಸಿದೆ, ಅವ್ರು ಎರಡು ಸಲ ಕನ್ನಡಕ ಹಾಕ್ಕೊಂಡು ನೋಡಿದ್ರು.

ಭಾನುವಾರ ಬೆಳಗ್ಗೆ ಬೇರೆ ಒಬ್ಬ ವೈರ್‌ಮನ್ನ ರಿಪ್ಪನ್‌ಪೇಟೆಯಿಂದ ಕರ್ಕೊಂಡು ಬಂದೆ, ನಾನೊಬ್ನೇ ಕೈ ಹಾಕೋ ಧೈರ್ಯ ಮಾಡ್ಲಿಲ್ಲ. ಒಟ್ಟು ಒಂಬತ್ತು ನ್ಯೂಟ್ರಲ್ ವೈರ್, ಒಂದೊಂದೇ ಬಿಚ್ಚಿ ಚೀಟಿ ಅಂಟಿಸಿ ನೋಡಿದ್ವಿ. ಆರನೇದಕ್ಕೆ ಮೀಟರ್ 70 ಓಮ್ ತೋರಿಸ್ತು. ಅದು ತಾರಸಿಗೆ ಹೋಗೋದೇ, ಸೋಲಾರ್ ಹೀಟರ್! ಮೇಲೆ ಹತ್ತಿ ಕಾಯಿಲ್ ಎರಡೂ ತುದಿ ಬಿಚ್ಚಿ ಬಾಡಿಗೆ ಹಿಡಿದು ನೋಡಿದ್ರೆ ಅಲ್ಲೂ ಅಷ್ಟೇ, ಇನ್ನೊಂದು ತುದಿಯಿಂದ ಇನ್ನೊಂದಿಷ್ಟು ಓಮ್ ಜಾಸ್ತಿ. ಕಾಯಿಲ್ ಹೊರಗೆ ತೆಗೆದಾಗ ನೀರೊಳಗಿದ್ದ ಬಾಗಿದ ಜಾಗದಲ್ಲಿ ಸಣ್ಣ ಬಿರುಕು ಕಾಣ್ತು, ಸುತ್ತ ಹಸಿರು ಕಲೆ. ಸ್ವಿಚ್ ಸಿಂಗಲ್ ಪೋಲೇ ಹಾಕಿದ್ರು ಮೊದಲು. ಜೂನ್ ಮೊದಲ ವಾರದಿಂದ ಅಮ್ಮ ಅದನ್ನ ಬೆಳಗ್ಗೆ ಅರ್ಧ ಗಂಟೆ ಹಾಕ್ತಿದ್ರಂತೆ, ಟ್ರಿಪ್ ಶುರು ಆದ್ಮೇಲೆ ಭಯಕ್ಕೆ ಆಫ್ ಮಾಡಿದ್ರು, ಅದಕ್ಕೇ ನಮಗೆ ಯಾರಿಗೂ ಅದರ ಮೇಲೆ ಅನುಮಾನ ಬರ್ಲಿಲ್ಲ.

ಕಾಯಿಲ್ ವೈರ್ ಎರಡೂ ಬಿಚ್ಚಿಟ್ಟು ಸಂಜೆ ಕಾದು ಕೂತ್ವಿ. ಪುನರ್ವಸು ಮಳೆ ಹಂಚು ಒಡೆಯೋ ಹಂಗೆ ಹೊಯ್ತಿತ್ತು. ಎಂಟಾಯ್ತು, ಒಂಬತ್ತಾಯ್ತು, ಬೀಳಲಿಲ್ಲ. ಅಮ್ಮ ಹತ್ತು ಗಂಟೆಗೆ ದೇವರ ಮುಂದೆ ದೀಪ ಹಚ್ಚಿ ಬಂದ್ರು.

ಶರಾವತಿ ಅವ್ರು ಬರೆದಿದ್ದಕ್ಕೆ ಕೊಟ್ಟಿಗೇನೂ ನೋಡ್ಸಿದೆ. ಮಲ್ಟಿಮೀಟರಲ್ಲಿ ಏನೂ ಇರ್ಲಿಲ್ಲ, ಆ ವೈರ್‌ಮನ್ ಹತ್ರ 500 ವೋಲ್ಟಿನ ಮೆಗ್ಗರ್ (ವೈರಿನ ಸಿಪ್ಪೆ ಸರಿ ಇದೆಯಾ ಅಂತ ನೋಡೋ ಮೀಟರ್) ಇತ್ತು, ಬಲ್ಬ್ ಎಲ್ಲಾ ಬಿಚ್ಚಿ ಅದ್ರಲ್ಲಿ ನೋಡಿದಾಗ 0.05 ಮೆಗಾ ಓಮ್ ತೋರಿಸ್ತು, ಕನಿಷ್ಠ 1 ಮೆಗಾ ಓಮ್ ಇರ್ಬೇಕಂತೆ. ಅದೊಂದಕ್ಕೇ ಆರ್‌ಸಿಸಿಬಿ ಬೀಳಲ್ಲ, ನಾಲ್ಕೈದು ಮಿಲಿ ಆಂಪ್ ಅಷ್ಟೇ, ಆದ್ರೆ ಮೂರು ಕಡೆ ಟೇಪ್ ಜಾಯಿಂಟ್ ಸಿಕ್ತು, ಒಂದು ಕಡೆ ಟೇಪ್ ಬಿಚ್ಚಿ ತಾಮ್ರ ಕಾಣ್ತಿತ್ತು, ಕೆಳಗೇ ಕರು ಕಟ್ಟೋ ಗೂಟ. ಆ ಜಾಗ ನೋಡಿ ಅಪ್ಪ ತುಂಬಾ ಹೊತ್ತು ಮಾತಾಡ್ಲಿಲ್ಲ. ಹೊಸ ವೈರ್ ಪೈಪಲ್ಲಿ ಎಳೆಸಿ ಸಂಜೆ ಒಳಗೆ ಮುಗಿಸಿದ್ವಿ.

ಶರಾವತಿ ಅವ್ರೇ, ನಿಮಗೆ ಎಂತಾ ಹೇಳ್ಲಿ ಗೊತ್ತಾಗ್ತಿಲ್ಲ, ನಿಮ್ಮ ಗೌರಿ ವಿಷ್ಯ ಅಮ್ಮಂಗೆ ಹೇಳಿದೀನಿ.

ಒಂದು ಉಳಿದಿದೆ. ಹೊಸ ಕಾಯಿಲ್ 2 ಕಿಲೋವಾಟ್‌ದು ತಂದಿಟ್ಟಿದೀನಿ, ಮುಂದಿನ ವಾರ ಹಾಕ್ಸೋದು. ಹಾಕೋವಾಗ ಎಂತ ನೋಡ್ಬೇಕು?

ಸಾಗರದ ವೈರ್‌ಮನ್

ಮನಸ್ಸಿಗೆ ನಿಜ್ವಾಗ್ಲೂ ಹಗುರ ಆಯ್ತು ಓದಿ.

ಹಾಕೋ ಮೊದಲು ಹೊಸ ಕಾಯಿಲ್‌ನೂ ಮೀಟರಲ್ಲಿ ನೋಡಿ, ಎರಡು ತುದಿ ಮಧ್ಯ 26 ಓಮ್ ಆಸುಪಾಸು ಬರ್ಬೇಕು, ಬಾಡಿಗೆ ಏನೂ ತೋರಿಸ್ಬಾರದು. ವಾಷರ್ ಹೊಸದೇ ಹಾಕ್ಸಿ, ಹಳೇದು ಚೆನ್ನಾಗಿದೆ ಅಂತ ಅದನ್ನೇ ಕೂರಿಸಿದ್ರೆ ಅಲ್ಲಿಂದ ನೀರು ಜಿನುಗಿ ಕನೆಕ್ಷನ್ ಡಬ್ಬಿಗೆ ಇಳಿಯತ್ತೆ. ಟ್ಯಾಂಕ್ ತುಂಬಿ ನಲ್ಲೀಲಿ ನೀರು ಬಂದ್ಮೇಲೇ ಸ್ವಿಚ್ ಹಾಕೋದು. ಆ ಸಿಂಗಲ್ ಪೋಲ್ ಸ್ವಿಚ್ ತೆಗೆದು ಫೇಸು ನ್ಯೂಟ್ರಲ್ ಎರಡೂ ಕಟ್ ಆಗೋ 32 ಆಂಪ್ಸ್ ಡಿಪಿ ಸ್ವಿಚ್ ಹಾಕ್ಸಿ, ಕಾಯಿಲ್ ಮುಂದೆ ಯಾವತ್ತಾದ್ರೂ ಮತ್ತೆ ಹೋದ್ರೆ ಅಪ್ಪನೇ ಸ್ವಿಚ್ ಆಫ್ ಮಾಡಿ ನೋಡಬಹುದು, ಆಗ ಟ್ರಿಪ್ ನಿಂತ್ರೆ ಅದೇ ಅಂತ ಗೊತ್ತಾಗತ್ತೆ, ನಿಮ್ಮನ್ನ ಶಿವಮೊಗ್ಗದಿಂದ ಕರೆಸೋದು ಬೇಡ. ಎಲ್ಲಾ ಆದ್ಮೇಲೆ ಆರ್‌ಸಿಸಿಬಿ ಮೇಲಿರೋ ಟೆಸ್ಟ್ ಬಟನ್ ಒಂದ್ಸಲ ಒತ್ತಿ, ತಟ್ ಅಂತ ಬೀಳ್ಬೇಕು. ತಿಂಗಳಿಗೊಂದ್ಸಲ ಒತ್ತೋಕೆ ಅಪ್ಪಂಗೆ ಹೇಳ್ಕೊಡಿ, ಕ್ಯಾಲೆಂಡರಲ್ಲಿ ಅಮಾವಾಸ್ಯೆ ದಿನ ಗುರುತು ಹಾಕಿಟ್ರೆ ಮರೆಯಲ್ಲ.